ತಲೆಬರಹ ಕೊಟ್ಟ ಮಾತು

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಚಿಟಿಕೆ ಮೈಲುತುತ್ತ ಹಾಕಿ ಅಂಟು ಕುದಿಸಿದರೆ ಒಂದು ವಾಸನೆ ಬರುತ್ತದೆ. ಅದು ಗಂಜಿಯ ಹಾಗೂ ಇರುವುದಿಲ್ಲ, ಔಷಧಿಯ ಹಾಗೂ ಇರುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮೂರ ಪೇಟೆಬೀದಿಯ ಉದ್ದನೆಯ ಗೋಡೆಯ ಹತ್ತಿರ ಬೆಳಗಾದರೆ ಅದೇ ವಾಸನೆ. ಊರಿನಲ್ಲಿ ಯಾರು ಏನು ಬರೆದರೂ ತಂದು ಆ ಗೋಡೆಗೆ ಅಂಟಿಸುತ್ತಿದ್ದರು. ಅಪ್ಪ ನನ್ನನ್ನು ಶಾಲೆಗೆ ಬಿಡಲು ಹೊರಟಾಗ ಅಮ್ಮ ಬಾಗಿಲಿನಿಂದಲೇ ಕೂಗುತ್ತಿದ್ದಳು, "ಗೋಡೆ ಕಡೆ ನೋಡ್ಬೇಡಿ, ಮೊದ್ಲು ಮಗೂನ ಬಿಟ್ಟು ಬನ್ನಿ." ಅಪ್ಪ ನೋಡಿಯೇ ನೋಡುತ್ತಿದ್ದರು. ನೋಡಿದ ಮೇಲೆ ಕೇಳಬೇಕೆ, ಬರೆದದ್ದು ಮುಗಿಯುವ ತನಕ ಅವರ ಕಾಲು ಏಳುತ್ತಿರಲಿಲ್ಲ. ನಾನು ಪಕ್ಕದಲ್ಲಿ ಹಸಿ ಅಂಟಿನ ವಾಸನೆ ಕುಡಿಯುತ್ತ, ಮೊದಲ ಗಂಟೆ ಹೊಡೆದದ್ದನ್ನು ಕೇಳಿಸಿಕೊಳ್ಳುತ್ತ ನಿಂತಿರುತ್ತಿದ್ದೆ.

ನಮ್ಮೂರಿನಲ್ಲಿ ಇದು ಹೀಗೆಯೇ. ಊರಿನವರು ಬರೆದದ್ದನ್ನು ಊರಿನವರು ಓದಲು ಹಿಡಿದರೆ, ತಲೆಬರಹದಲ್ಲಿ ಏನು ಹೇಳುತ್ತೇನೆ ಎಂದಿದ್ದಾರೋ ಅದು ಬರಹದಲ್ಲಿ ಬರುವವರೆಗೆ ಓದುವವರ ಪಾದ ನೆಲ ಬಿಡುವುದಿಲ್ಲ. ನಿಂತು ಓದಿದವರು ನಿಂತಲ್ಲೇ, ಕೂತು ಓದಿದವರು ಕೂತಲ್ಲೇ. ಹೊರಗಿನವರ ಪತ್ರಿಕೆ, ಪುಸ್ತಕಗಳಿಗೆ ಈ ಗುಣ ಇಲ್ಲ. ಬರೆದವರು ಆಮೇಲೆ ಅಳಿಸಿದರೂ ಪ್ರಯೋಜನವಿಲ್ಲ, ಓದಿದ್ದು ಓದಿದ್ದೇ.

ಅದಕ್ಕೆ ತಕ್ಕ ಹಾಗೆ ನಾವು ಬದುಕುವುದನ್ನು ಕಲಿತಿದ್ದೇವೆ. ಒಲೆ ಆರಿಸದೆ ಯಾರೂ ಓದಲು ಕೂರುವುದಿಲ್ಲ. ನಮ್ಮ ಮದುವೆ ಕರೆಯೋಲೆಯಲ್ಲಿ ಹೆಣ್ಣು, ಗಂಡು, ದಿನ, ಜಾಗ, ಊಟದ ಹೊತ್ತು, ಇಷ್ಟೇ. ಮೇಷ್ಟ್ರುಗಳು ಮಕ್ಕಳ ಪ್ರಬಂಧಗಳನ್ನು ಬೆನ್ನಿಗೆ ದಿಂಬು ಇಟ್ಟುಕೊಂಡು ತಿದ್ದುತ್ತಾರೆ. "ನನ್ನ ಮೆಚ್ಚಿನ ಪ್ರಾಣಿ" ಎಂದು ಶುರುಮಾಡಿ ಪ್ರಾಣಿಯ ಹೆಸರನ್ನೇ ಬರೆಯದೆ ಹೋದ ಮಗುವನ್ನು ರಾತ್ರಿ ಊಟದಿಂದ ಎಬ್ಬಿಸಿ ಕರೆತಂದು ಬರೆಸಿದ್ದೂ ಉಂಟು. ಮೇಷ್ಟ್ರು ಬೈಯಲಿಲ್ಲ, "ಬೆಕ್ಕಾ? ಸರಿ ಬಿಡು ಕಂದ" ಎಂದು ಎದ್ದು ಮನೆಗೆ ಹೋದರು. ಬೀದಿಯಲ್ಲಿ ಯಾರಾದರೂ ಹಾಗೆ ನಿಂತುಬಿಟ್ಟಿದ್ದರೆ ಹೋಗುವವರು ನೀರು ಕೊಡುತ್ತಾರೆ, ಕೊಡೆ ಹಿಡಿಯುತ್ತಾರೆ. ಏನು ಓದುತ್ತಿದ್ದಿರಿ ಎಂದು ಮಾತ್ರ ಕೇಳುವುದಿಲ್ಲ. ಅದು ಮರ್ಯಾದೆಯಲ್ಲ.

ನಾನು ಕಾಲೇಜು ಓದಿ ಊರಿನ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳು. ಕರಡು ತಿದ್ದುವವರಿಗೆ ನಮ್ಮೂರಿನಲ್ಲಿ ಕಾಲುನೋವು ತಪ್ಪಿದ್ದಲ್ಲ. ಈಗ ಮುದ್ರಣಾಲಯ ಮುಚ್ಚಿದೆ, ಪೇಟೆಬೀದಿಯ ಗೋಡೆಯೂ ಬೋಳಾಗಿದೆ. ಎಲ್ಲರದೂ ಬ್ಲಾಗು. ಫೋನು ಕೈಯಲ್ಲೇ ಇರುವುದರಿಂದ ಜನ ಎಲ್ಲೆಂದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುವುದೊಂದೇ ವ್ಯತ್ಯಾಸ. ಆದರೂ ನಮ್ಮವರು ಹದ ತಪ್ಪಿದವರಲ್ಲ. ಬೀಜದಂಗಡಿಯವರ ಬ್ಲಾಗಿನಲ್ಲಿ "ಬದನೆ ಸಸಿಗೆ ಹುಳ ಬಿದ್ದರೆ" ಎಂದಿದ್ದರೆ ಎರಡನೆಯ ಸಾಲಿನಲ್ಲೇ ಮದ್ದು ಇರುತ್ತದೆ. ಯಾರದಾದರೂ ಚಿತ್ರ ಹಾಕಿಕೊಂಡರೆ ಅವರನ್ನು ಕೇಳಿ, ಹೆಸರು ಹಾಕಿ ಬಳಸುತ್ತಾರೆ.

ಹಂಸವೇಣಿಯ ಬ್ಲಾಗು ಮಾತ್ರ ಬೇರೆ ತರಹ. ಅವಳು ನಮ್ಮ ಪಕ್ಕದ ಮನೆಯ ಸಿದ್ದಗಂಗಮ್ಮನ ಸೊಸೆ. ಹೊರಗಿನ ಊರಿನಿಂದ ಮದುವೆಯಾಗಿ ಬಂದವಳು. ಬಂದು ವರ್ಷಗಳಾದ್ದರಿಂದ ಅವಳ ಬರಹಕ್ಕೂ ನಮ್ಮೂರಿನ ಗುಣ ಅಂಟಿಕೊಂಡಿತ್ತು, ಆದರೆ ಆ ಗುಣದ ಭಯ ಅವಳಿಗೆ ಅಂಟಿರಲಿಲ್ಲ. ಒಳ್ಳೆಯ ಹುಡುಗಿ. ನನಗೆ ಕೆಮ್ಮು ಬಂದರೆ ಕೇಳುವ ಮುಂಚೆಯೇ ಶುಂಠಿ ಕಷಾಯ ತಂದಿಡುವವಳು. ಬರೆಯಲು ಕೂತರೆ ಮಾತ್ರ ಅವಳ ಮೈಮೇಲೆ ಬೇರೆ ಯಾರೋ ಬರುತ್ತಿದ್ದರು.

ಬ್ಲಾಗಿನ ಹೆಸರು ಹಂಸಲೋಕ. ಮೊದಲ ಬರಹ ಹಾಕಿದ ದಿನವೇ "ಖ್ಯಾತ ಲೇಖಕಿ" ಎಂದು ತನ್ನ ಪರಿಚಯ ಬರೆದುಕೊಂಡಿದ್ದಳು. "ಪ್ರತಿ ಸೋಮವಾರ ತಪ್ಪದೇ ಓದಿ" ಎಂದು ದಪ್ಪಕ್ಷರದಲ್ಲಿ ಹಾಕಿ, ಆಮೇಲೆ ಎರಡು ತಿಂಗಳು ಸುಮ್ಮನಿದ್ದಳು. ಐದು ನಿಮಿಷದ ಚಿತ್ರಾನ್ನ ಎಂದು ತಲೆಬರಹ ಕೊಟ್ಟು, ತನ್ನ ಮದುವೆ, ಹನಿಮೂನು, ಚಿಕ್ಕಂದಿನಲ್ಲಿ ನಿಂಬೆಗಿಡದ ಮುಳ್ಳು ಚುಚ್ಚಿದ್ದು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಒಗ್ಗರಣೆಗೆ ಬಂದಿದ್ದಳು. ಅಷ್ಟರಲ್ಲಿ, ಐದೇ ನಿಮಿಷ ತಾನೆ ಎಂದು ಒಲೆ ಆರಿಸದಿದ್ದ ನಮ್ಮ ಬೀದಿಯ ಎಷ್ಟು ಮನೆಗಳಲ್ಲಿ ಅನ್ನ ಸೀದಿತೋ ದೇವರೇ ಬಲ್ಲ. ಹಾಕಿದ್ದ ಚಿತ್ರ ಬೇರೆ ಯಾರದೋ. ಆ ತಟ್ಟೆಯಲ್ಲಿ ನಮ್ಮ ಕಡೆ ಸಿಗದ ಯಾವುದೋ ಸೊಪ್ಪಿತ್ತು. ಹಿಟ್ಟಿನ ಮಿಲ್ಲಿನ ಬಸವಲಿಂಗು ಕೆಳಗೆ, "ಅಕ್ಕಾ, ಉಪ್ಪು ಎಷ್ಟು ಹಾಕೋದು?" ಎಂದು ಕೇಳಿದ್ದ. ಇವತ್ತಿನ ತನಕ ಅವನಿಗೆ ಉತ್ತರ ಸಿಕ್ಕಿಲ್ಲ.

"ಹೇಗಿದೆ ಆಂಟಿ ನನ್ನ ಬ್ಲಾಗು?" ಎಂದು ಒಂದು ದಿನ ಕಾಂಪೌಂಡಿನ ಮೇಲಿಂದ ಕೇಳಿದಳು.

"ಕೆಂಪು ಹಾಸಿನ ಮೇಲೆ ಹಳದಿ ಅಕ್ಷರ ಕಣಮ್ಮ, ಕಣ್ಣಲ್ಲಿ ನೀರು ಬಂತು."

"ಅಷ್ಟು ಚೆನ್ನಾಗಿದ್ಯಾ!"

ನಾನು ನಕ್ಕೆ. ಆಮೇಲೆ ಮೆಲ್ಲಗೆ ಹೇಳಿದೆ. "ಪ್ಯಾರಾಕ್ಕೊಂದ್ಸಲ ಶೇರ್ ಮಾಡಿ ಶೇರ್ ಮಾಡಿ ಅಂತೀಯಲ್ಲ, ಬಡಿಸ್ತಾ ಬಡಿಸ್ತಾ ರುಚಿಯಾಗಿದೆ ಅಂತ ಹೇಳಿ ಅಂದ ಹಾಗಾಗುತ್ತೆ. ತಲೆಬರಹದಲ್ಲಿ ಏನು ಅಂದಿದೀಯೋ ಅದನ್ನ ಮೊದಲು ಕೊಡು. ಮಿಕ್ಕಿದ್ದು ಆಮೇಲೆ. ನಿನ್ನ ಹತ್ರ ಇಲ್ಲದ್ದನ್ನ ಕೊಡ್ತೀನಿ ಅನ್ಬೇಡ."

"ಅಯ್ಯೋ ಆಂಟಿ, ನೀವು ಹಳೇ ಕಾಲದೋರು. ತಲೆಬರಹ ಅಂದ್ರೆ ಗಾಳ. ಸಿಕ್ಕಿಸ್ಕೊಂಡ್ಮೇಲೆ ನೋಡ್ಕೊಂಡ್ರಾಯ್ತು." ಇದನ್ನು ಅವಳು ಹೊರಗಿನ ಯಾವುದೋ ಬ್ಲಾಗಿನಿಂದ ಕಲಿತಿದ್ದಳು. ಅಲ್ಲಿಯ ಓದುಗರಿಗೆ ಕಾಲು ಸಿಕ್ಕಿಕೊಳ್ಳುವುದಿಲ್ಲವಲ್ಲ, ಬೇಸರವಾದರೆ ಎದ್ದು ಹೋಗುತ್ತಾರೆ. ನಮ್ಮೂರಿನಲ್ಲಿ ಬೇಸರವಾದರೂ ಕೂತಿರಬೇಕು.

ಪಾತ್ರೆ ಅಂಗಡಿಯವನೊಬ್ಬ, ಓದುವವರು ಹೆಚ್ಚಾದರೆ ನಿನ್ನ ಬ್ಲಾಗಿನಲ್ಲಿ ನಮ್ಮ ಜಾಹೀರಾತು ಹಾಕಿಸುತ್ತೇನೆ ಎಂದಿದ್ದನಂತೆ. ಅದು ಅವಳ ತಲೆಯಲ್ಲಿ ಕೂತಿತ್ತು. ಜನ ಚಿತ್ರಾನ್ನಕ್ಕಿಂತ ಜಗಳ ಓದುತ್ತಾರೆ ಎಂದು ಕಂಡುಕೊಂಡಿದ್ದಳು. ಮನೆಯಲ್ಲೇ ಒಂದು ಜಗಳ ಇತ್ತು.

ಸಿದ್ದಗಂಗಮ್ಮನಿಗೆ ಒಬ್ಬಳೇ ತಂಗಿ, ಚನ್ನಾಜಮ್ಮ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ನನಗೆ ಚನ್ನಾಜಿ. ಅಕ್ಕನ ಮನೆ ನಮ್ಮ ಬೀದಿಯ ಈ ತುದಿಗೆ, ತಂಗಿಯದು ಆ ತುದಿಗೆ. ಅವರ ತಾಯಿ ತೀರಿಕೊಂಡ ಮೇಲೆ ಇಬ್ಬರೂ ಮಾತು ಬಿಟ್ಟರು. ಕೂಗಾಡಿದ್ದಿಲ್ಲ, ಬೈದದ್ದಿಲ್ಲ. ಒಬ್ಬಳು ಎದುರಿಗೆ ಬಂದರೆ ಇನ್ನೊಬ್ಬಳು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು. ಮದುವೆಮನೆಯಲ್ಲಿ ಪಂಕ್ತಿಯ ಎರಡು ತುದಿಗೆ ಕೂರುತ್ತಿದ್ದರು. ಊರಿನವರು ಸರ ಅಂದರು, ಸೈಟು ಅಂದರು. ನಾನು ಇಬ್ಬರಿಗೂ ಬೇಕಾದವಳಾಗಿದ್ದೂ ಕೇಳಿರಲಿಲ್ಲ. ಹೇಳುವಂಥದ್ದಾಗಿದ್ದರೆ ಅವರೇ ಹೇಳುತ್ತಿದ್ದರು.

ಹಂಸವೇಣಿ ಬರೆದಳು: "ನಮ್ಮತ್ತೆ, ಚಿಕ್ಕತ್ತೆ ಮಾತು ಬಿಟ್ಟ ನಿಜವಾದ ಕಾರಣ ಇಲ್ಲಿದೆ!!! ಓದಿದರೆ ಬೆಚ್ಚಿಬೀಳ್ತೀರಿ!!!"

ಬೆಳಿಗ್ಗೆ ಹೂವಿಗೆ ನೀರು ಹಾಕುತ್ತಿದ್ದೆ. ಬಸವಲಿಂಗುವಿನ ಫೋನು ಬಂತು. "ವಾರಿಜಮ್ಮೋರೇ, ಚನ್ನಾಜಮ್ಮೋರು ರಾಗಿ ಬೀಸೋಕೆ ಅಂತ ಬಂದು ನಮ್ಮ ಮಿಲ್ಲಿನ ಬಾಗಿಲಲ್ಲೇ ನಿಂತ್ಬಿಟ್ಟಿದಾರೆ. ಸ್ಟೂಲು ಕೊಟ್ರೆ ಬೇಡ ಅಂತಾರೆ. ಮಾತೂ ಆಡ್ತಿಲ್ಲ. ಸ್ವಲ್ಪ ಬರ್ತೀರಾ?"

ಕೊಡೆ ತೆಗೆದುಕೊಂಡು ಹೋದೆ. ರಾಗಿಯ ಚೀಲ ಪಕ್ಕಕ್ಕಿತ್ತು. ಚನ್ನಾಜಿ ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದಳು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು.

"ಏನೇ ಇದು, ನಿಂತು ಓದಿಬಿಟ್ಯಾ? ಈ ವಯಸ್ಸಿನಲ್ಲಿ?"

"ಅಂಥಾ ತಲೆಬರಹ ನೋಡಿದ್ಮೇಲೆ ಕೂರೋಕೆ ಜಾಗ ಹುಡುಕ್ತಾರೇನೇ ಯಾರಾದ್ರೂ?" ಎಂದು ಫೋನನ್ನು ನನ್ನ ಕಡೆ ತಿರುಗಿಸಲು ಹೋಗಿ, ಮತ್ತೆ ಎದೆಗೆ ಒತ್ತಿಕೊಂಡಳು. "ಬೇಡ, ನೀನು ನೋಡ್ಬೇಡ. ಕೊನೇಲಿ ಕಾರಣ ಇಲ್ಲ. ಮುಂದಿನ ಭಾಗದಲ್ಲಿ ನಿರೀಕ್ಷಿಸಿ ಅಂತ ಹಾಕಿದಾಳೆ."

ನಮ್ಮೂರು ಹುಟ್ಟಿದಾಗಿನಿಂದ ಯಾರೂ ಮುಂದಿನ ಭಾಗ ಎಂದು ಬರೆದದ್ದನ್ನು ನಾನು ಕೇಳಿಲ್ಲ. ಬಸವಲಿಂಗು ತಲೆಗೆ ಕೈ ಹೊತ್ತುಕೊಂಡ. "ಅಲ್ಲಾ, ಉಪ್ಪು ಹೇಳದೇ ಇರೋದು ಹಾಗಿರ್ಲಿ. ಇದು ಅನ್ಯಾಯ ಅಲ್ವಾ?"

ನಮ್ಮಲ್ಲಿ ಜೊತೆಓದು ಅಂತ ಒಂದು ಪದ್ಧತಿ ಇದೆ. ಯಾರಾದರೂ ಬಹಳ ಹೊತ್ತು ನಿಲ್ಲಬೇಕಾಗಿ ಬಂದರೆ ಹತ್ತಿರದವರೊಬ್ಬರು ಅದೇ ಬರಹವನ್ನು ಬೇಕೆಂದೇ ಓದಿ ಪಕ್ಕದಲ್ಲಿ ಸಿಕ್ಕಿಕೊಳ್ಳುತ್ತಾರೆ. ಬಿಡಿಸುವುದಕ್ಕಂತೂ ಆಗುವುದಿಲ್ಲ, ಒಂಟಿಯಾಗಿ ನಿಲ್ಲುವುದಾದರೂ ತಪ್ಪಲಿ ಎಂದು. ನಾನು ಮಿಲ್ಲಿನ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಕೊಡೆಯನ್ನು ಅವಳ ನೆತ್ತಿಯ ಕಡೆ ಚಾಚಿ, ನನ್ನ ಫೋನು ತೆಗೆದು ಓದಿದೆ. ಅವಳು ಬೇಡ ಎನ್ನುವಷ್ಟರಲ್ಲಿ ನನ್ನ ಪಾದ ನೆಲಕ್ಕೆ ಕಚ್ಚಿಕೊಂಡಿತ್ತು.

"ಬಂದ್ಲು ನೋಡು ತ್ಯಾಗಮಯಿ" ಎಂದಳು ಚನ್ನಾಜಿ. ಆದರೆ ಕೊಡೆಯ ನೆರಳಿಗೆ ಸ್ವಲ್ಪ ತಲೆ ವಾಲಿಸಿದಳು.

ಅಷ್ಟರಲ್ಲಿ ಹಂಸವೇಣಿ ಓಡುತ್ತ ಬಂದಳು. ತಲೆಗೆ ಎಣ್ಣೆ ಹಚ್ಚಿಕೊಂಡು ಅರ್ಧ ಬಾಚಿದ ಕೂದಲು. ಅವಳ ಫೋನು ನಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಊರಿನಲ್ಲಿ ಸುಮಾರು ಜನ ಓದಿಬಿಟ್ಟಿದ್ದರು. ಹೆಚ್ಚಿನವರು ಜಾಣರು, ಮನೆಯಲ್ಲಿ ಕೂತು ಓದಿದ್ದರು, ಹಾಗಾಗಿ ಕುರ್ಚಿಯಿಂದ ಏಳಲಾಗದೆ ಫೋನು ಮಾಡಿ ಉಗಿಯುತ್ತಿದ್ದರು. ಕ್ಷೌರದ ಅಂಗಡಿಯವನು ಗಿರಾಕಿಗೆ ಅರ್ಧ ಗಡ್ಡ ತೆಗೆದು ಸಿಕ್ಕಿಕೊಂಡಿದ್ದ. ಅವಳ ಗಂಡ ಸದಾಶಿವ ಎಲ್ಲಿ ಫೋನು ತೆಗೆದುಕೊಂಡು ಹೋಗಬಾರದೋ ಆ ಜಾಗದಲ್ಲಿ ಓದಿ, ಬಾಗಿಲ ಚಿಲಕ ಹಾಕಿಕೊಂಡು ಒಳಗೇ ಉಳಿದಿದ್ದ.

"ಚಿಕ್ಕತ್ತೆ, ತಪ್ಪಾಯ್ತು. ನೀವು ಓದ್ತೀರಿ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ" ಎಂದಳು.

"ನನ್ನ ವಿಷಯಾನ ನಾನೊಬ್ಳು ಬಿಟ್ಟು ಊರೆಲ್ಲ ಓದ್ಲಿ ಅಂತಿತ್ತೇನೋ."

"ಏನು ಕಾರಣ ಅಂತ ಬರೆಯೋದಿತ್ತಮ್ಮ ನೀನು?" ಎಂದು ನಾನು ಕೇಳಿದೆ.

ಹಂಸವೇಣಿ ನೆಲ ನೋಡಿದಳು. "ಗೊತ್ತಿಲ್ಲ ಆಂಟಿ. ಆಮೇಲೆ ಯಾರನ್ನಾದ್ರೂ ಕೇಳಿದ್ರಾಯ್ತು ಅಂತ…"

ಅಲ್ಲೇ ನಿಂತು ಫೋನಿನಲ್ಲಿ ಟೈಪು ಮಾಡಿದಳು: ನನಗೆ ಕಾರಣ ಗೊತ್ತಿಲ್ಲ, ಗೊತ್ತಿದೆ ಎಂದದ್ದು ಸುಳ್ಳು, ಎಲ್ಲರೂ ಕ್ಷಮಿಸಿ. ನಾವಿಬ್ಬರೂ ಓದಿದೆವು. ನಾನು ಹಿಮ್ಮಡಿ ಎತ್ತಿ ನೋಡಿದೆ, ಏಳಲಿಲ್ಲ. ಕ್ಷಮೆ ಒಳ್ಳೆಯದೇ, ಆದರೆ ತಲೆಬರಹ ಕ್ಷಮೆ ಕೊಡುತ್ತೇನೆ ಎಂದಿರಲಿಲ್ಲ. ಹೆದರಿಕೆಯಲ್ಲಿ ಅವಳು ಊರವರು ಆಡಿಕೊಳ್ಳುವ ಸರದ ಮಾತನ್ನೂ ಬರೆದು ನೋಡಿದಳು. ಅದನ್ನು ಓದಿದಾಗ ಚನ್ನಾಜಿಯ ಮುಖ ಸುಣ್ಣ ಬಳಿದ ಹಾಗಾಯಿತು.

"ಸರ ಅಂತೆ. ನಮ್ಮವ್ವನ ಕತ್ತಿನಲ್ಲಿ ಇದ್ದಿದ್ದು ಒಂದು ಕರಿದಾರ, ಲಿಂಗದ ಕರಡಿಗೆ. ಅದರ ಜೊತೇನೇ ಮಣ್ಣು ಮಾಡಿದ್ವಿ. ಯಾವ ಸರಕ್ಕೇ ಜಗಳ ಆಡೋದು ನಾವು?"

"ಹಾಗಾದ್ರೆ ನೀವೇ ಹೇಳಿ ಚಿಕ್ಕತ್ತೆ. ಬರೆದ್ಬಿಡ್ತೀನಿ. ಎಲ್ರಿಗೂ ಬಿಡುಗಡೆ ಆಗುತ್ತೆ."

"ನಾನು ಹೇಳಲ್ಲ. ಸಾಯಂಕಾಲದ ತನಕ ಬೇಕಾದ್ರೂ ನಿಲ್ತೀನಿ, ನಾಳೆ ತನಕಾನೂ ನಿಲ್ತೀನಿ. ಕ್ಷೌರದ ಅಂಗಡೀಲಿ ಕೂತು ಓದ್ಕೊಳೋ ಮಾತಲ್ಲ ಅದು."

ಅವಳ ಮಾತು ನನಗೆ ಅರ್ಥವಾಯಿತು. ಕಾಲು ಬಿಡಬೇಕಾದರೆ ಬರೆಯಬೇಕು, ಬರೆದರೆ ಊರೆಲ್ಲ ಓದುತ್ತದೆ. ಇಷ್ಟು ವರ್ಷ ಎರಡು ಹೆಂಗಸರು ಸೆರಗಿನ ಗಂಟಿನಲ್ಲಿ ಕಟ್ಟಿ ಇಟ್ಟುಕೊಂಡದ್ದು ಒಂದು ಬೆಳಗಿನಲ್ಲಿ ಬೀದಿಗೆ ಬೀಳುತ್ತದೆ. ಬೀಳದಿದ್ದರೆ, ಮಂಡಿನೋವಿನ ಈ ಹೆಂಗಸು ಇಲ್ಲೇ ನಿಂತಿರಬೇಕು.

ಹಂಸವೇಣಿ ಅತ್ತೆಗೆ ಫೋನು ಮಾಡಿದಳು. ಗಡಿಬಿಡಿಯಲ್ಲಿ ಸ್ಪೀಕರ್ ಆನ್ ಆಗಿತ್ತು. ಮೂವರಿಗೂ ಕೇಳಿಸಿತು. ಸಿದ್ದಗಂಗಮ್ಮ ಓದಿರಲಿಲ್ಲ. ಮಗ ಒಳಗಿನಿಂದ ಕೂಗಿ ಹೇಳಿದ್ದನಂತೆ.

"ಯಾರನ್ನ ಕೇಳಿ ಬರೆದೆ?"

"ಯಾರನ್ನೂ ಕೇಳ್ಲಿಲ್ಲ ಅತ್ತೆ."

"ಹಾಗಾದ್ರೆ ಯಾರನ್ನೂ ಕೇಳದೇನೇ ಮುಗಿಸು." ಫೋನು ಇಟ್ಟರು.

ಬಿಸಿಲು ಏರಿತು. ಬಸವಲಿಂಗು ಮಜ್ಜಿಗೆ ತಂದುಕೊಟ್ಟ. ಬೀದಿಯಲ್ಲಿ ಹೋಗುವವರು ನಮ್ಮನ್ನು ಕಂಡು ಏನೂ ಕೇಳದೆ, ಆಚೆ ಬದಿಗೆ ಸರಿದು ನಡೆದರು. ಸೈಕಲ್ಲಿನಲ್ಲಿ ಬಂದ ಹೂವಿನವಳೊಬ್ಬಳು ಚನ್ನಾಜಿಯ ತಲೆಗೆ ಒಂದು ಮೊಳ ಮಲ್ಲಿಗೆ ಮುಡಿಸಿ, ದುಡ್ಡಿಗೆ ನಿಲ್ಲದೆ ಹೋದಳು. ಹಂಸವೇಣಿ ನಮ್ಮ ಕಾಲ ಬಳಿ ನೆಲದಲ್ಲೇ ಕೂತುಬಿಟ್ಟಿದ್ದಳು. ಸುಮ್ಮನೆ ಕೂತವಳು ಹಂಸಲೋಕವನ್ನು ತೆಗೆದು ಒಂದೊಂದನ್ನೇ ಸರಿಮಾಡತೊಡಗಿದಳು. ಖ್ಯಾತ ಎನ್ನುವುದನ್ನು ತೆಗೆದಳು. ಕೆಂಪು ಹಾಸು ಹೋಯಿತು. ಸೋಮವಾರ ಹೋಯಿತು. ಆಮೇಲೆ ತಲೆಯೆತ್ತಿ, "ಬಸವಲಿಂಗಣ್ಣ, ಒಂದು ಪಾವು ಅಕ್ಕಿಗೆ ಒಂದು ಚಮಚ. ಮೇಲೆ ಚಿಟಿಕೆ" ಎಂದಳು.

"ಈಗ ಹೇಳು. ಹೆಂಡ್ತಿ ಚಿತ್ರಾನ್ನ ಮಾಡೋದೇ ಬಿಟ್ಲು" ಎಂದ ಅವನು. ಚನ್ನಾಜಿಗೂ ನಗು ಬಂತು. ಬಂದದ್ದನ್ನು ತಡೆದುಕೊಂಡಳು.

ಮಧ್ಯಾಹ್ನವಾಗುವ ಹೊತ್ತಿಗೆ ಸಿದ್ದಗಂಗಮ್ಮನೇ ಫೋನು ಮಾಡಿದರು. "ಅವಳು ಕೂತಿದಾಳಾ, ನಿಂತಿದಾಳಾ?"

"ನಿಂತೇ ಇದಾರೆ ಅತ್ತೆ. ಸ್ಟೂಲು ಬೇಡ ಅಂತಾರೆ."

ಆ ಕಡೆಯಿಂದ ಒಗ್ಗರಣೆ ಸಿಡಿಯುವ ಸದ್ದು ಬಂತು, ನಿಂತಿತು. "ಬರ್ಕೋ. ಆವತ್ತು ಅವ್ವಂಗೆ ಊಟ ತಗೊಂಡ್ಹೋಗೋ ಸರದಿ ನಂದು. ನಾನು ಹೋಗ್ಲಿಲ್ಲ. ಅಷ್ಟೇ. ತಪ್ಪು ನಂದು ಅಂತ ಬರಿ, ಅವಳು ಮನೆಗೆ ಹೋಗ್ಲಿ."

ಹಂಸವೇಣಿ ಹಾಗೆಯೇ ಬರೆದಳು. ನಾವು ಓದಿದೆವು. ಪಾದ ಕದಲಲಿಲ್ಲ.

ಚನ್ನಾಜಿ ಅದನ್ನು ಮತ್ತೆ ಮತ್ತೆ ಓದಿದಳು. ಆಮೇಲೆ ಬೆಳಗಿನಿಂದ ಬೇಡವೆಂದಿದ್ದ ಸ್ಟೂಲಿಗಾಗಿ ಕೈ ಹಿಂದಕ್ಕೆ ಚಾಚಿದಳು. ಬಸವಲಿಂಗು ತಂದು ಒತ್ತಾಗಿ ಇಟ್ಟ. ಕೂತಳು.

"ಸುಳ್ಳಿ" ಎಂದಳು. ಬೈದ ಹಾಗಿರಲಿಲ್ಲ. "ಮೊದಲಿಂದ್ಲೂ ಹೀಗೇ. ಸ್ಕೂಲಲ್ಲಿ ನನ್ನ ಸ್ಲೇಟು ಒಡೆದ್ರೆ ತಾನು ಒಡೆದೆ ಅಂತಿದ್ಲು."

ನಾನು ಏನೂ ಕೇಳಲಿಲ್ಲ. ಅವಳೇ ಹೇಳಿದಳು.

ಅವರ ತಾಯಿ ಊರಾಚೆಯ ಆಸ್ಪತ್ರೆಯ ವಾರ್ಡಿನಲ್ಲಿದ್ದರು. ಆ ಕಾಲದಲ್ಲಿ ರೋಗಿಗಳಿಗೆ ಮನೆಯಿಂದಲೇ ಊಟ ಹೋಗಬೇಕು. ಅಕ್ಕ ಒಂದು ದಿನ, ತಂಗಿ ಒಂದು ದಿನ. ಒಂದು ಸಂಜೆ ಅಕ್ಕ ದಾರಿಯಲ್ಲಿ ಸಿಕ್ಕಿ, ನಾಳೆ ಮನೆಗೆ ನೆಂಟರು ಬರುತ್ತಾರೆ, ನಾಳೆಯೂ ನೀನೇ ಹೋಗುತ್ತೀಯಾ ಎಂದು ಕೇಳಿದಳಂತೆ. ಚನ್ನಾಜಿಯ ಕಂಕುಳಿನಲ್ಲಿ ಮಗು ಹಟ ಮಾಡಿ ಅಳುತ್ತಿತ್ತು.

"ನಾನು ಹೂಂ ಅಂದ್ನೋ, ಮಗೂಗೆ ಹೂಂ ಹೂಂ ಸುಮ್ನಿರು ಅಂದ್ನೋ, ಇವತ್ತಿಗೂ ಗೊತ್ತಿಲ್ಲ ಕಣೇ. ಅವಳು ಹೂಂ ಅಂದೆ ಅಂದ್ಕೊಂಡ್ಲು. ನಾನು ಅವಳೇ ಹೋಗ್ತಾಳೆ ಅಂದ್ಕೊಂಡೆ. ಅದರ ಮಾರನೇ ದಿನ ಇಬ್ರೂ ಕ್ಯಾರಿಯರ್ ಹಿಡ್ಕೊಂಡು ವಾರ್ಡಿನ ಬಾಗಿಲಲ್ಲಿ ಎದುರಾದ್ವಿ. ಅವಳ ಮುಖ ನೋಡಿದ ತಕ್ಷಣ ನಂಗೆ ಗೊತ್ತಾಯ್ತು. ನನ್ನ ಮುಖ ನೋಡಿ ಅವಳಿಗೂ ಗೊತ್ತಾಯ್ತು."

"ಅವ್ವ ಏನಂದ್ರು?"

"ಯಾಕ್ರೇ ಇಬ್ರೂ ತಂದ್ರಿ, ನಿನ್ನೆ ಉಂಡಿದ್ದೇ ಇನ್ನೂ ಅರಗಿಲ್ಲ ಅಂದ್ಲು. ನಗ್ತಾ ಅಂದ್ಲು. ಪಕ್ಕದ ಮಂಚದ ಹೆಂಗಸು ಆಚೆ ಕರೆದು ಹೇಳಿದ್ಲು, ನಿನ್ನೆ ಪೂರ್ತಿ ಬಾಗಿಲ ಕಡೆ ನೋಡ್ತಾ ನೀರು ಕುಡ್ಕೊಂಡಿದ್ರು ಅಂತ. ನಮ್ದು ತಗೊಳ್ಳಿ ಅಂದ್ರೆ, ನನ್ನ ಮಕ್ಳು ತರ್ತಾರೆ ಅಂದ್ಲಂತೆ." ಚನ್ನಾಜಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅದರಿಂದ ಅವ್ವ ಸಾಯ್ಲಿಲ್ಲ. ಕಾಯಿಲೆ ದೊಡ್ಡದಿತ್ತು, ಡಾಕ್ಟ್ರೂ ಹೇಳಿದ್ರು. ಆದ್ರೆ ಆಮೇಲೆ ಅಕ್ಕನ ಮುಖ ನೋಡಿದ್ರೆ ಅವ್ವ ಆಡಿದ ಸುಳ್ಳು ಕಾಣ್ಸೋದು. ಅವಳಿಗೂ ಅಷ್ಟೇ. ಜಗಳ ಆಡಿದ್ರೆ ಮುಗಿದುಹೋಗೋದು. ಜಗಳ ಆಡೋಕೆ ಯಾರದು ತಪ್ಪು ಅಂತಾದ್ರೂ ಗೊತ್ತಿರಬೇಕಲ್ಲೇ."

ಹಂಸವೇಣಿ ಅಳುತ್ತಿದ್ದಳು. ಫೋನು ಅವಳ ಮಡಿಲಿನಲ್ಲಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಕಣ್ಣೊರೆಸಿಕೊಂಡು, "ಬರೀಲಾ ಚಿಕ್ಕತ್ತೆ?" ಎಂದು ಕೇಳಿದಳು. ಅವಳು ಬರೆಯುವ ಮುಂಚೆ ಯಾರನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಕ್ಕನ್ನ ಕೇಳು."

ಹಂಸವೇಣಿ ಫೋನು ಹಚ್ಚಿದಳು. ಚಿಕ್ಕತ್ತೆ ಹೇಳಿದ್ದನ್ನು ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಹೇಳಿದಳು. ಸಿದ್ದಗಂಗಮ್ಮ ಪೂರ್ತಿ ಕೇಳಿಸಿಕೊಂಡರು.

"ಬರಿ ಅಂತ ಅವಳು ಹೂಂ ಅಂದ್ಲಾ? ಸರಿಯಾಗಿ ಕೇಳಿಸ್ಕೊಂಡ್ಯಾ?"

ಹಂಸವೇಣಿ ತಿರುಗಿ ನೋಡಿದಳು. ಚನ್ನಾಜಿ ಫೋನಿನ ಕಡೆ ಬಾಗಿ, ಗಟ್ಟಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ "ಹೂಂ" ಎಂದಳು.

ಆ ಕಡೆ ಉಸಿರು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು.

ಹಂಸವೇಣಿ ಬರೆದದ್ದು ಚಿಕ್ಕದು. ಚಿತ್ರ ಇರಲಿಲ್ಲ, ಆಶ್ಚರ್ಯಸೂಚಕಗಳ ಸಾಲೂ ಇರಲಿಲ್ಲ. "ಅವರು ಜಗಳವಾಡಲಿಲ್ಲ. ಒಂದು ದಿನ ಅವರ ತಾಯಿ ಹಸಿದುಕೊಂಡಿದ್ದರು. ಊಟ ತರುವ ಸರದಿ ಯಾರದೆಂದು ಇಬ್ಬರಿಗೂ ಇವತ್ತಿಗೂ ಗೊತ್ತಿಲ್ಲ. ತಾಯಿ ಉಂಡಿದ್ದೇನೆ ಎಂದು ಸುಳ್ಳು ಹೇಳಿದರು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿದ್ದರಿಂದ ಅವರು ಒಬ್ಬರ ಮುಖವನ್ನೊಬ್ಬರು ನೋಡಲಾರದೆ ಹೋದರು. ಇದು ನನ್ನದಲ್ಲದ ಮಾತು. ಅವರಿಬ್ಬರೂ ಒಪ್ಪಿದ್ದರಿಂದ ಬರೆದಿದ್ದೇನೆ."

ನನ್ನ ಹಿಮ್ಮಡಿ ಹಗುರಾಯಿತು. ಸುತ್ತಲಿನ ಮನೆಗಳಿಂದ ಕುರ್ಚಿ ಎಳೆಯುವ ಸದ್ದು, ಚಿಲಕ ತೆಗೆಯುವ ಸದ್ದು ಕೇಳಿಸಿತು. ಯಾರೂ ಹೊರಗೆ ಬಂದು ಇಣುಕಲಿಲ್ಲ. ಎದುರು ಮನೆಯವರು ಕಿಟಕಿಯ ಪರದೆಯನ್ನು ಮೆಲ್ಲಗೆ ಎಳೆದುಕೊಂಡರು. ಚನ್ನಾಜಿಯ ಭುಜ ಅದುರತೊಡಗಿದ್ದನ್ನು ಕಂಡ ಬಸವಲಿಂಗು ಅವಳ ರಾಗಿಯ ಚೀಲವನ್ನು ಒಳಕ್ಕೊಯ್ದು ಸುರಿದು ಮಿಲ್ಲು ಚಾಲೂ ಮಾಡಿದ. ಆ ಗದ್ದಲದಲ್ಲಿ ಯಾರು ಎಷ್ಟು ಅತ್ತರೂ ಯಾರಿಗೂ ಕೇಳಿಸುವಂತಿರಲಿಲ್ಲ. ಅವನು ಬೇಕೆಂದೇ ನಿಧಾನಕ್ಕೆ ಬೀಸಿದ.

ಅತ್ತು ಮುಗಿದ ಮೇಲೆ ಚನ್ನಾಜಿ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತು ಮಂಡಿ ನೀವಿಕೊಂಡಳು. ಮಿಲ್ಲಿನ ಬಾಗಿಲಲ್ಲಿ ಸದಾ ಹಿಟ್ಟಿನ ಧೂಳು. ಅವಳು ಅಷ್ಟು ಹೊತ್ತು ನಿಂತಿದ್ದ ಕಡೆ ಮಾತ್ರ ಎರಡು ಪಾದದಷ್ಟು ನೆಲ ಕಪ್ಪಗೆ ಉಳಿದಿತ್ತು. "ಹೋಗೋಣ್ವೇನೇ?" ಎಂದೆ. "ಇರು, ಹಿಟ್ಟು ಬರ್ಲಿ" ಎಂದಳು.

ಆಗ ಬೀದಿಯ ತಿರುವಿನಲ್ಲಿ ಸಿದ್ದಗಂಗಮ್ಮ ಕಾಣಿಸಿದರು. ಮನೆಯಲ್ಲಿ ಉಡುವ ಸೀರೆ, ಕಾಲಿನಲ್ಲಿ ಮಗನ ಚಪ್ಪಲಿ. ಕೈಯಲ್ಲಿ ಬಟ್ಟೆ ಸುತ್ತಿದ ಕ್ಯಾರಿಯರ್. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನೆಲ ನೋಡುತ್ತ ಬರುತ್ತಿದ್ದರು. ಅವರು ಫೋನು ಇಟ್ಟೊಡನೆ ಹೊರಟಿರಬೇಕು. ತಂಗಿಯ ಕಾಲು ಬಿಟ್ಟಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಚನ್ನಾಜಿ ನೋಡಿದಳು. ನನ್ನ ಕೈ ಅದುಮಿ ಎದ್ದಳು. ನಾಲ್ಕು ಹೆಜ್ಜೆ ನಡೆದು, ಹಿಟ್ಟಿಲ್ಲದ ಆ ಎರಡು ಗುರುತಿನ ಮೇಲೆ ಪಾದ ಸರಿಯಾಗಿ ಇಟ್ಟು, ಬೆಳಗಿನಿಂದ ನಿಂತಿದ್ದ ಹಾಗೆಯೇ ನಿಂತಳು. ಹಂಸವೇಣಿ ಏನೋ ಹೇಳಲು ಬಾಯಿ ತೆರೆದಳು. ನಾನು ಬೇಡವೆಂದು ತಲೆಯಾಡಿಸಿದೆ. ನಾನೂ ಬೆಂಚಿನಿಂದ ಏಳಲಿಲ್ಲ.

ಸಿದ್ದಗಂಗಮ್ಮ ಹತ್ತಿರ ಬಂದರು. ತಂಗಿಯ ಪಾದ ನೋಡಿದರು. ಆಮೇಲೆ ಮುಖ ನೋಡಿದರು. ಕ್ಯಾರಿಯರಿನ ಹಿಡಿ ಬಿಸಿಯಾಗಿತ್ತೇನೋ, ತಮ್ಮ ಸೆರಗನ್ನೇ ಅದಕ್ಕೆ ಸುತ್ತಿ, ಅವಳ ಎರಡೂ ಕೈಗೆ ಕೊಟ್ಟರು.